ಶುಕ್ರವಾರ ರಾತ್ರಿ 00:20ರ ರೈಲು

ನೀವೀಗ ನೋಡುತ್ತಿರುವುದು ಮೆಜೆಸ್ಟಿಕ್‌ನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಸೂಚನಾ ಫಲಕ. ಎರಡು ವರ್ಷಗಳ ಹಿಂದೆ ಒಂದು ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ನಾನೂ ಅಮ್ಮನೂ ಹುಬ್ಬಳ್ಳಿಗೆ ಹೊರಡಲೆಂದು ಇದೇ ಫಲಕದ ಕೆಳಗೆ ಬ್ಯಾಗುಗಳನ್ನು ಇಟ್ಟುಕೊಂಡು ನಿಂತಿದ್ದೆವು. ಟಿಕೆಟಿನಲ್ಲಿ ಶುಕ್ರವಾರದ ದಿನಾಂಕವಿತ್ತು, ಹೊರಡುವ ಸಮಯ 00:20 ಎಂದಿತ್ತು. ಅದನ್ನು ನೋಡಿದ ಟಿಸಿ, "ಅಮ್ಮಾ, ನಿಮ್ಮ ಗಾಡಿ ನಿನ್ನೆ ರಾತ್ರಿಯೇ ಹೋಯ್ತಲ್ಲ" ಎಂದರು. ಟಿಕೆಟ್ ಮಾಡಿದವನು ನಾನು, ತಪ್ಪೂ ನನ್ನದೇ.

ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಕಷ್ಟವೆಂದು ಹಲವರು ಹೇಳುವುದು ಮಧ್ಯಾಹ್ನದ ನಂತರದ ಅಂಕಿಗಳನ್ನು ಕಂಡು. ಅದು ಅಷ್ಟೇನೂ ಕಷ್ಟವಲ್ಲ: 13ರಿಂದ 23ರವರೆಗಿನ ಯಾವ ಅಂಕಿಯಿಂದಲಾದರೂ 12 ಕಳೆದರೆ ನಮ್ಮ ರೂಢಿಯ ಗಂಟೆ ಸಿಗುತ್ತದೆ, 17:40 ಎಂದರೆ ಸಂಜೆ ಐದು ನಲವತ್ತು.

ಇದು ದೊಡ್ಡಪ್ಪನ ಎಚ್‌ಎಂಟಿ ಜವಾನ್ ಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ನಮ್ಮ ಬೆಂಗಳೂರಿನಲ್ಲೇ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಈ ಮಾದರಿಯ ಮುಖವನ್ನು ಹತ್ತಿರದಿಂದ ನೋಡಿದರೆ, 1ರಿಂದ 12ರವರೆಗಿನ ದೊಡ್ಡ ಅಂಕಿಗಳ ಒಳಸುತ್ತಿನಲ್ಲಿ 13ರಿಂದ 24ರವರೆಗೆ ಸಣ್ಣ ಅಂಕಿಗಳಿವೆ. ಸೈನ್ಯದಲ್ಲಿದ್ದ ದೊಡ್ಡಪ್ಪ ಇಂದಿಗೂ ಬೆಳಗಿನ ಆರೂವರೆಯನ್ನು "ಝೀರೋ ಸಿಕ್ಸ್ ಥರ್ಟಿ ಅವರ್ಸ್" ಎನ್ನುತ್ತಾರೆ. ಬರೆಯುವಾಗ ನಡುವೆ ಚುಕ್ಕೆಯಿಲ್ಲದೆ 0630 ಎಂದು ನಾಲ್ಕಂಕಿಯನ್ನಷ್ಟೇ ಬರೆಯುತ್ತಾರೆ. ಅಂಕಿಯ ಕೊನೆಗೆ ಝಡ್ ಅಕ್ಷರವಿದ್ದರೆ ಅದನ್ನು ಝುಲು ಎಂದು ಓದಬೇಕು, ಅದು ಜಾಗತಿಕ ಪ್ರಮಾಣಿತ ಕಾಲ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ 1200 ಝುಲು ಎಂದರೆ ಬೆಂಗಳೂರಿನಲ್ಲಿ 1730.

ನನ್ನನ್ನು ಕೆಡವಿದ್ದು ಈ ಯಾವ ಲೆಕ್ಕವೂ ಅಲ್ಲ, ಸೊನ್ನೆ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, 24 ನಿಮಿಷಗಳ ಒಂದು ಘಳಿಗೆಯಂತೆ 60 ಘಳಿಗೆ. ಗೋಡೆಯ ಮೇಲಿನ ಗಡಿಯಾರ ಏನೇ ಹೇಳಲಿ, ನಮ್ಮ ಮಾತು ಇನ್ನೂ ಆ ದಿನವನ್ನೇ ಹಿಡಿದುಕೊಂಡಿದೆ. ಮಲಗಿ ಏಳುವವರೆಗೂ ನಮಗೆ ಅದು ಶುಕ್ರವಾರವೇ. ಆದರೆ ರೈಲಿನ ಲೆಕ್ಕದಲ್ಲಿ 23:59 ಕಳೆದ ಕೂಡಲೇ 00:00, ಅಲ್ಲಿಂದ ಶನಿವಾರ. ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಡುವವನು ಶನಿವಾರದ ದಿನಾಂಕಕ್ಕೆ ಟಿಕೆಟ್ ತೆಗೆಯಬೇಕಿತ್ತು. ದೇವನಹಳ್ಳಿಯಿಂದ ನಡುರಾತ್ರಿಯ ಮೇಲೆ ಹೊರಡುವ ವಿಮಾನಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಮತ್ತು ಅಲ್ಲಿ ತಪ್ಪಿದರೆ ಕೈಬಿಡುವ ಹಣ ಹೆಚ್ಚು.

ಹನ್ನೆರಡು ಗಂಟೆಯ ಪದ್ಧತಿಯಲ್ಲಿ ನಡುರಾತ್ರಿ ಎಎಂ, ನಡುಹಗಲು ಪಿಎಂ ಎಂಬುದನ್ನು ನೆನಪಿಡಲು ನಾನಂತೂ ಇಂದಿಗೂ ತಡವರಿಸುತ್ತೇನೆ. ಇಪ್ಪತ್ತನಾಲ್ಕರಲ್ಲಿ ಆ ತೊಡಕಿಲ್ಲ, ಆದರೂ 31ನೇ ತಾರೀಖಿನ 24:00 ಮತ್ತು 1ನೇ ತಾರೀಖಿನ 00:00 ಒಂದೇ ಕ್ಷಣ. ಸೈನ್ಯದಲ್ಲಿ ಗೊಂದಲವೇ ಬೇಡವೆಂದು 2359 ಅಥವಾ 0001 ಎಂದು ಬರೆಯುವ ರೂಢಿಯಿದೆ.

ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ರೈಲಿನ ಸಮಯವನ್ನು ಶನಿವಾರದ ಮನೆಯಲ್ಲಿ ಬರೆದು, ಪಕ್ಕದ ಶುಕ್ರವಾರದ ಮನೆಯಲ್ಲಿ ಕೆಂಪು ಪೆನ್ನಿನಿಂದ "ರಾತ್ರಿ ಹತ್ತಕ್ಕೆ ಆಟೋ" ಎಂದು ಗುರುತು ಹಾಕುತ್ತಾರೆ.