ಉಲ್ಟಾ ಹರಿಯುವ ನದಿ, ಜೊತೆಗೆ ದೊಡ್ಡಪ್ಪ: ಶಿಕಾಗೊ ರಿವರ್‌ವಾಕ್

ಎಲ್ಲರಿಗೂ ನಮಸ್ಕಾರ. ಕಟ್ಟಡಗಳನ್ನು ಆಮೇಲೆ ತೋರಿಸುತ್ತೇನೆ, ಮೊದಲು ಈ ನೀರು ನೋಡಿ. ಇದು ಶಿಕಾಗೊ ನದಿ. ಇದು ಹರಿದುಹೋಗಿ ಸೇರಬೇಕಿದ್ದದ್ದು ಪೂರ್ವಕ್ಕಿರುವ ಮಿಶಿಗನ್ ಸರೋವರಕ್ಕೆ. 1900ರವರೆಗೂ ಹಾಗೇ ಇತ್ತು. ಈಗ ಪಶ್ಚಿಮಕ್ಕೆ ಹರಿಯುತ್ತದೆ. ಸರೋವರದ ನೀರೇ ನದಿಗೆ ಬರುತ್ತದೆ. ಹೌದು, ಇಡೀ ನದಿಯನ್ನೇ ಇಲ್ಲಿನವರು ಉಲ್ಟಾ ತಿರುಗಿಸಿದ್ದಾರೆ.

ಇವತ್ತು ನನ್ನ ಜೊತೆ ದೊಡ್ಡಪ್ಪ ಬಂದಿದ್ದಾರೆ. ಮಗಳ ಮನೆಗೆ ಅಂತ ಊರಿನಿಂದ ಬಂದವರು. ಮಂಡ್ಯದ ಕಡೆ ನೀರಾವರಿ ಇಲಾಖೆಯಲ್ಲಿ ಇದ್ದು ರಿಟೈರ್ ಆದರು. ನಾಲೆ, ತೂಬು, ಗೇಟು, ಕ್ಯೂಸೆಕ್ಕು, ಇದೇ ಅವರ ಪ್ರಪಂಚ. ಶಿಕಾಗೊಗೆ ಬಂದವರೆಲ್ಲಾ ಕತ್ತೆತ್ತಿ ಕಟ್ಟಡ ನೋಡುತ್ತಾರೆ. ಇವರು ಬಗ್ಗಿ ನೀರು ನೋಡುತ್ತಾರೆ. ನಿಜ ಹೇಳಬೇಕು ಅಂದರೆ ಈ ಊರನ್ನು ನೋಡೋಕೆ ಅದೇ ಸರಿಯಾದ ದಾರಿ ಅಂತ ನನಗೂ ಈಗ ಅನ್ನಿಸುತ್ತಿದೆ.

ನಾವು ನಿಂತಿರುವುದು ಮಿಶಿಗನ್ ಅವೆನ್ಯೂ ಸೇತುವೆ ಮೇಲೆ. ಅಧಿಕೃತ ಹೆಸರು ಡುಸಾಬಲ್ ಸೇತುವೆ. 1920ರದ್ದು. ಎರಡು ಅಂತಸ್ತು, ಮೇಲೂ ಗಾಡಿ, ಕೆಳಗೂ ಗಾಡಿ. ಆ ಬಿಳಿ ಕಟ್ಟಡ ರಿಗ್ಲಿ ಬಿಲ್ಡಿಂಗ್, ಚೂಯಿಂಗ್ ಗಮ್ ದುಡ್ಡಿನಲ್ಲಿ ಕಟ್ಟಿದ್ದು. ಅದರ ಎದುರಿಗೆ 1925ರ ಟ್ರಿಬ್ಯೂನ್ ಟವರ್. ಅದರ ಗೋಡೆ ಹತ್ತಿರ ಹೋಗಿ ನೋಡಿ. ಪ್ರಪಂಚದ ಬೇರೆ ಬೇರೆ ಕಡೆಯಿಂದ ತಂದ ಕಲ್ಲಿನ ಚೂರುಗಳನ್ನು ಅಲ್ಲಲ್ಲಿ ಕೂರಿಸಿ, ಪಕ್ಕದಲ್ಲಿ ಹೆಸರು ಕೆತ್ತಿದ್ದಾರೆ. ತಾಜ್ ಮಹಲ್‌ದೂ ಒಂದಿದೆ. ದೊಡ್ಡಪ್ಪ ಅದರ ಮೇಲೆ ಬೆರಳಾಡಿಸಿ, "ಇದನ್ನ ಯಾರನ್ನ ಕೇಳಿ ತಂದ್ರಂತೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೇತುವೆ ಪಕ್ಕದ ಮೆಟ್ಟಿಲು ಇಳಿದರೆ ರಿವರ್‌ವಾಕ್. ಸರೋವರದ ಕಡೆಯಿಂದ ಲೇಕ್ ಸ್ಟ್ರೀಟ್‌ವರೆಗೆ ಸುಮಾರು ಎರಡು ಕಿಲೋಮೀಟರ್, ನದಿಯ ದಕ್ಷಿಣ ದಡದಲ್ಲಿ. ನಾವು ಪಶ್ಚಿಮದ ಕಡೆ ನಡೆಯುತ್ತಿದ್ದೇವೆ. ಮೇಲೆ ರಸ್ತೆಯ ಗಲಾಟೆ, ಕೆಳಗೆ ಬಂದರೆ ಗಾಳಿ, ನೀರು, ಬೋಟಿನ ಹಾರ್ನ್. ಮೊದಲು ಒಂದೊಂದು ಸೇತುವೆ ಬಂದಾಗಲೂ ದಾರಿ ತುಂಡಾಗುತ್ತಿತ್ತಂತೆ. 2015, 2016ರ ಹೊತ್ತಿಗೆ ಸೇತುವೆಗಳ ಅಡಿಯಲ್ಲೇ ನೀರಿನ ಮಟ್ಟಕ್ಕೆ ದಾರಿ ಮಾಡಿ ಜೋಡಿಸಿದರು.

ಈ ಸೇತುವೆಗಳ ಕೆಳಗೆ ಒಂದು ನಿಮಿಷ ನಿಲ್ಲಿ, ಪ್ಲೀಸ್. ಇವು ಮಧ್ಯಕ್ಕೆ ಸೀಳಿಕೊಂಡು ಮೇಲೇಳುವ ಸೇತುವೆಗಳು. ದಡದ ಒಳಗೆ ಹಿಂದುಗಡೆ ದೊಡ್ಡ ತೂಕ ಕಟ್ಟಿರುತ್ತಾರೆ. ಆ ತೂಕ ಕೆಳಗಿಳಿದರೆ ಈ ಕಡೆ ಸೇತುವೆ ಮೇಲೇಳುತ್ತದೆ. "ನಮ್ಮ ಏತ ಕಣಪ್ಪಾ ಇದು! ಆ ತುದಿಗೆ ಕಲ್ಲು ಕಟ್ತೀವಲ್ಲ, ಅದೇ ಲೆಕ್ಕ," ಅಂದರು ದೊಡ್ಡಪ್ಪ. ಅದಕ್ಕಿಂತ ಚೆನ್ನಾಗಿ ವಿವರಿಸೋಕೆ ನನ್ನಿಂದ ಆಗಲ್ಲ. ವಸಂತದಲ್ಲಿ ಹಾಯಿದೋಣಿಗಳು ಸರೋವರಕ್ಕೆ ಹೋಗುವಾಗ, ಚಳಿಗಾಲಕ್ಕೆ ಮುಂಚೆ ವಾಪಸ್ ಬರುವಾಗ ಇವನ್ನು ಒಂದೊಂದಾಗಿ ಎತ್ತುತ್ತಾರೆ.

ಎದುರು ದಡದಲ್ಲಿ ಮರೀನಾ ಸಿಟಿ. ಜೋಡಿ ಗೋಪುರ. ಜೋಳದ ತೆನೆ ಅಂತಲೇ ಇಲ್ಲಿನವರು ಕರೆಯುವುದು. ಕೆಳಗಿನ 19 ಮಹಡಿ ಪೂರ್ತಿ ಕಾರ್ ಪಾರ್ಕಿಂಗ್, ಅದರ ಮೇಲೆ ಮನೆಗಳು. ಕಾರುಗಳ ಹಿಂಭಾಗ ನದಿ ಕಡೆಗೆ ಚಾಚಿಕೊಂಡಿದೆ. ಕೆಳಗಿನಿಂದ ನೋಡಿದರೇ ಎದೆ ಝಲ್ ಅನ್ನುತ್ತದೆ.

ಕ್ಲಾರ್ಕ್ ಮತ್ತು ಲಾಸಾಲ್ ಸೇತುವೆಗಳ ನಡುವೆ ಈ ದೊಡ್ಡ ಮೆಟ್ಟಿಲು ಸಾಲು ಬರುತ್ತದೆ. ಮೆಟ್ಟಿಲುಗಳ ಮಧ್ಯೆ ಮರಗಳು, ಅವನ್ನು ಸೀಳಿಕೊಂಡು ಅಂಕುಡೊಂಕಾಗಿ ಇಳಿಯುವ ರ‍್ಯಾಂಪ್. ಮಂಡಿ ನೋವಿನವರು ಆರಾಮಾಗಿ ಇಳಿಯಬಹುದು. ರಿವರ್‌ವಾಕ್‌ನಲ್ಲಿ ಎಲ್ಲಿ ಕೂರಬೇಕು ಅಂದರೂ ಏನಾದರೂ ಕೊಂಡುಕೊಳ್ಳಬೇಕೇನೋ ಅನ್ನೋ ಹಾಗೆ ಹೋಟೆಲು, ವೈನ್ ಬಾರ್ ತುಂಬಿವೆ. ನನಗೆ ಅದು ಅಷ್ಟು ಇಷ್ಟ ಆಗಲಿಲ್ಲ. ಇಲ್ಲಿ ಮಾತ್ರ ಸುಮ್ನೆ ಕೂರಬಹುದು. ಅಕ್ಕ ಕಟ್ಟಿಕೊಟ್ಟ ಚಪಾತಿ, ಬದನೆಕಾಯಿ ಪಲ್ಯ ಇಲ್ಲೇ ಬಿಚ್ಚಿದೆವು.

ಆದರೆ ಇದೇ ಜಾಗದಲ್ಲಿ, 1915ರ ಜುಲೈ 24ರ ಬೆಳಿಗ್ಗೆ, ಈಸ್ಟ್‌ಲ್ಯಾಂಡ್ ಅನ್ನೋ ಹಡಗು ಮಗುಚಿಕೊಂಡಿತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕೆಲಸಗಾರರು ಮನೆಮಂದಿಯನ್ನೆಲ್ಲ ಕರೆದುಕೊಂಡು ಪಿಕ್ನಿಕ್‌ಗೆ ಹೊರಟಿದ್ದರು. ಹಡಗು ಇನ್ನೂ ಹೊರಟಿರಲೇ ಇಲ್ಲ. ದಡಕ್ಕೆ ಕಟ್ಟಿದ ಹಾಗೇ ಒಂದು ಕಡೆಗೆ ವಾಲಿ ಮಲಗಿಬಿಟ್ಟಿತು. 844 ಜನ ಸತ್ತರು. ಟೈಟಾನಿಕ್ ಮುಳುಗಿದ ಮೇಲೆ ಎಲ್ಲಾ ಹಡಗಿಗೂ ಲೈಫ್‌ಬೋಟ್ ಜಾಸ್ತಿ ಇಡಬೇಕು ಅಂತ ಒತ್ತಾಯ ಬಂದಿತ್ತು. ಮೊದಲೇ ಓಲಾಡುತ್ತಿದ್ದ ಈ ಹಡಗಿನ ಮೇಲೆ ಆ ಭಾರವೂ ಏರಿತ್ತು. ಮೇಲುಗಡೆ ರಸ್ತೆ ಪಕ್ಕದಲ್ಲಿ ಒಂದು ಫಲಕ ಇದೆ. ಬಹಳ ಜನ ಅದನ್ನು ನೋಡದೇ ದಾಟಿಹೋಗುತ್ತಾರೆ.

ಸರಿ, ನದಿಯನ್ನು ಯಾಕೆ ತಿರುಗಿಸಿದರು? ಊರಿನ ಕೊಳಚೆ, ಕಸಾಯಿಖಾನೆಗಳ ಗಲೀಜು ಎಲ್ಲಾ ಈ ನದಿಗೆ ಬೀಳುತ್ತಿತ್ತು. ನದಿ ಹೋಗಿ ಸೇರುತ್ತಿದ್ದದ್ದು ಸರೋವರಕ್ಕೆ. ಜನ ಕುಡಿಯುತ್ತಿದ್ದದ್ದೂ ಅದೇ ಸರೋವರದ ನೀರು. ಟೈಫಾಯಿಡ್, ಕಾಲರಾ ಬಿಡುತ್ತಲೇ ಇರಲಿಲ್ಲ. ಕೊನೆಗೆ 1892ರಲ್ಲಿ ಅಗೆಯೋಕೆ ಶುರು ಮಾಡಿ, 45 ಕಿಲೋಮೀಟರ್ ಉದ್ದದ ನಾಲೆ ತೋಡಿದರು. ನದಿಯ ತಳಕ್ಕಿಂತ ಆಳವಾಗಿ, ಪಶ್ಚಿಮಕ್ಕೆ ಇಳಿಜಾರು ಕೊಟ್ಟು. 1900ರ ಜನವರಿಯಲ್ಲಿ ನೀರು ಬಿಟ್ಟರು. ನೀರು ತಿರುಗಿತು. ಶಿಕಾಗೊ ಗಲೀಜೆಲ್ಲಾ ಇಲಿನಾಯ್ ನದಿ, ಅಲ್ಲಿಂದ ಮಿಸಿಸಿಪ್ಪಿ ಕಡೆಗೆ ಹೊರಟಿತು.

ಕೆಳಗಿನವರು ಸುಮ್ಮನಿರುತ್ತಾರಾ? ಮಿಸೌರಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 1906ರಲ್ಲಿ ತೀರ್ಪು ಬಂತು, ಮಿಸೌರಿ ಸೋತಿತು. ಇದನ್ನು ಹೇಳಿದಾಗ ದೊಡ್ಡಪ್ಪ ನಕ್ಕಿದ್ದು ನೋಡಬೇಕಿತ್ತು. ಕಾವೇರಿ ಕೇಸು ನೋಡಿಕೊಂಡೇ ತಲೆ ಹಣ್ಣಾದವರು ಅವರು. "ಎಷ್ಟು ನೀರು ತಗೋಬೋದು ಅಂತ ಲೆಕ್ಕ ಇದೆಯಾ?" ಅಂತ ಕೇಳಿದರು. ಇದೆ. ಸರೋವರದ ಸುತ್ತಲಿನ ಬೇರೆ ರಾಜ್ಯಗಳೂ ಜಗಳ ತೆಗೆದು, 1967ರಲ್ಲಿ ಸುಪ್ರೀಂ ಕೋರ್ಟ್ 3,200 ಕ್ಯೂಸೆಕ್ ಅಂತ ಮಿತಿ ಹಾಕಿತು. ಕುಡಿಯೋ ನೀರೂ ಅದರಲ್ಲೇ ಸೇರಿತು. ದೊಡ್ಡಪ್ಪ ತಲೆಯಾಡಿಸಿ, "ಹಾಂ, ಹೀಗೆ ಹೇಳು," ಅಂದರು. ಇಷ್ಟು ಹೊತ್ತು ನಾನು ಹೇಳಿದ ಮಹಡಿಗಳ ಲೆಕ್ಕ ಒಂದೂ ಅವರಿಗೆ ಬೇಕಿರಲಿಲ್ಲ.

ಮಧ್ಯಾಹ್ನ ಬೋಟ್. ಇಲ್ಲಿ ಒಂದು ಟಿಪ್. ಬರೀ ನದಿಯಲ್ಲಿ ಸುತ್ತಿಸುವ ಬೋಟುಗಳಿವೆ, ನದಿ ಮತ್ತು ಸರೋವರ ಎರಡಕ್ಕೂ ಹೋಗುವ ಬೋಟುಗಳಿವೆ. ಕಟ್ಟಡಗಳ ಬಗ್ಗೆ ಆಳವಾಗಿ ತಿಳಿಯಬೇಕು ಅಂದರೆ ಮೊದಲನೆಯದು. ನಾವು ಎರಡನೆಯದನ್ನು ಹತ್ತಿದೆವು, ಕಾರಣ ಈಗ ಗೊತ್ತಾಗುತ್ತದೆ. ಮೇಲಿನ ಡೆಕ್‌ನಲ್ಲಿ ಕೂತರೆ ಒಂದು ಜಾಕೆಟ್ ಇರಲಿ, ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ.

ಬೋಟ್ ಮೊದಲು ನದಿಯ ಮೂರು ಕವಲು ಸೇರುವ ಕಡೆ ಹೋಯಿತು. ಬಲಕ್ಕೆ ಮರ್ಚಂಡೈಸ್ ಮಾರ್ಟ್, 1930ರಲ್ಲಿ ಪ್ರಪಂಚದ ಅತಿ ದೊಡ್ಡ ಕಟ್ಟಡ. 2008ರವರೆಗೆ ಅದೊಂದಕ್ಕೇ ಸ್ವಂತ ಪಿನ್‌ಕೋಡ್ ಇತ್ತು. ಎಡಕ್ಕೆ ಹಸಿರು ಗಾಜಿನ ಕಟ್ಟಡ, ನದಿ ತಿರುಗಿದ ಹಾಗೇ ಅದೂ ಬಾಗಿದೆ. ಮುಂದೆ ಬುಡ ಸಣ್ಣಗೆ, ಮೇಲೆ ಅಗಲವಾಗಿರುವ ಇನ್ನೊಂದು. ಹಿಂದೆ ರೈಲು ಹಳಿ, ಮುಂದೆ ನದಿ, ಉಳಿದ ಪಟ್ಟಿಯಲ್ಲೇ ನಿಲ್ಲಿಸಿದ್ದಾರೆ. ಗಾಳಿಗೆ ಓಲಾಡದಿರಲಿ ಅಂತ ಅದರ ನೆತ್ತಿಯಲ್ಲಿ ನೀರಿನ ತೊಟ್ಟಿಗಳಿವೆ.

ವಾಪಸ್ ತಿರುಗಿ, ಬೆಳಿಗ್ಗೆ ನಡೆದ ದಾರಿಯನ್ನೆಲ್ಲ ನೀರಿನಿಂದ ನೋಡುತ್ತಾ ಪೂರ್ವಕ್ಕೆ ಬಂದೆವು. ನಡೆದ ಮೇಲೆ ಬೋಟ್ ಹತ್ತಿ ಅಂತ ನಾನು ಹೇಳೋದು ಇದಕ್ಕೇ. ಆ ಮೆಟ್ಟಿಲು, ಆ ಸೇತುವೆ, ಎಲ್ಲಾ ಪರಿಚಯದ ಮುಖ ಆಗಿರುತ್ತವೆ.

ಈಗ ಬಂತು ದೊಡ್ಡಪ್ಪನ ಜಾಗ. ಶಿಕಾಗೊ ಹಾರ್ಬರ್ ಲಾಕ್, 1938ರದ್ದು. ಲಾಕ್ ಅಂದರೆ ಎರಡೂ ಕಡೆ ಗೇಟ್ ಇರುವ ದೊಡ್ಡ ತೊಟ್ಟಿ, ಒಳಗಿನ ನೀರಿನ ಮಟ್ಟ ಬದಲಾಯಿಸಿ ಬೋಟನ್ನು ಏರಿಸಿ ಇಳಿಸುತ್ತಾರೆ. ಸರೋವರದ ಮಟ್ಟ ಸಾಮಾನ್ಯವಾಗಿ ನದಿಗಿಂತ ಎರಡರಿಂದ ಐದು ಅಡಿ ಮೇಲಿರುತ್ತದೆ. ಬೋಟ್ ಒಳಗೆ ಹೋದ ಮೇಲೆ ಹಿಂದಿನ ಗೇಟ್ ಮುಚ್ಚಿತು. ದೊಡ್ಡಪ್ಪ ಎದ್ದು ಕಂಬಿ ಹಿಡಿದು ನಿಂತರು. "ಪಂಪ್ ಎಲ್ಲಿಟ್ಟವ್ರೆ?" ಬೋಟಿನ ಹುಡುಗನನ್ನು ಕೇಳಿದೆ. ಪಂಪ್ ಇಲ್ಲವಂತೆ. ಸರೋವರದ ಕಡೆಯ ಗೇಟನ್ನು ಒಂಚೂರು ತೆರೆದರು. ಸಂದಿಯಿಂದ ನೀರು ನೊರೆ ಕಾರಿಕೊಂಡು ಒಳಗೆ ನುಗ್ಗಿತು. ಪಕ್ಕದ ಗೋಡೆಯ ಮೇಲಿದ್ದ ಪಾಚಿ ಗೆರೆ ಬೆರಳಷ್ಟು, ಗೇಣಷ್ಟು ಮುಳುಗುತ್ತಾ ಪೂರ್ತಿ ಮರೆಯಾಯಿತು. ನಾವು ಮೇಲೆ ಬಂದಿದ್ದು ಗೊತ್ತೇ ಆಗಲಿಲ್ಲ. "ತನ್ನಷ್ಟಕ್ಕೆ ತಾನೇ! ಕರೆಂಟ್ ಬಿಲ್ ಉಳೀತು," ಅಂದರು.

ಸರೋವರದಿಂದ ಇಡೀ ಊರು ಒಂದೇ ಸಲ ಕಾಣುತ್ತದೆ. ಆ ಕಪ್ಪು ಗೋಪುರ ವಿಲ್ಲಿಸ್ ಟವರ್, 110 ಮಹಡಿ, 442 ಮೀಟರ್. ಅದರ ಹಿಂದಿದ್ದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್, ಢಾಕಾದಲ್ಲಿ ಹುಟ್ಟಿದವರು.

ಇನ್ನು, ಮಾರ್ಚ್‌ನಲ್ಲಿ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ನದಿಗೆ ಹಸಿರು ಬಣ್ಣ ಹಾಕುತ್ತಾರಲ್ಲ, ರೀಲ್ಸ್‌ನಲ್ಲಿ ನೋಡಿರುತ್ತೀರಿ. ಅದು 1962ರಲ್ಲಿ ಶುರುವಾಗಿದ್ದು. ಯಾವ ಪೈಪಿನಿಂದ ಕೊಳಚೆ ನದಿಗೆ ಸೇರುತ್ತಿದೆ ಅಂತ ಹುಡುಕೋಕೆ ಪ್ಲಂಬರ್‌ಗಳು ಬಳಸುತ್ತಿದ್ದ ಬಣ್ಣವೇ ಹಬ್ಬಕ್ಕೆ ಬಂತು. ಮೋರಿಯಾಗಿದ್ದ ಇದೇ ನದಿಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಈಜು ಸ್ಪರ್ಧೆಯೂ ನಡೆಯಿತು. ವೃಷಭಾವತಿ ನೋಡಿದವರಿಗೆ ಇದನ್ನು ನಂಬೋಕೆ ಸ್ವಲ್ಪ ಕಷ್ಟ, ಅಲ್ವಾ?

ಮುಂದಿನ ವಿಡಿಯೊಗೆ ನಾನು ಆರ್ಟ್ ಇನ್‌ಸ್ಟಿಟ್ಯೂಟ್ ಅಂದುಕೊಂಡಿದ್ದೆ. ದೊಡ್ಡಪ್ಪ ಒಪ್ಪುತ್ತಿಲ್ಲ. ಆ ನಾಲೆಯ ಇನ್ನೊಂದು ತುದಿ ಲಾಕ್‌ಪೋರ್ಟ್‌ನಲ್ಲಿದೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಈಗ ಅಲ್ಲಿನ ಗೇಟ್ ನೋಡಲೇಬೇಕಂತೆ. ಭಾನುವಾರ ಅಲ್ಲಿಗೇ ಹೊರಟಿದ್ದೇವೆ. ಬುತ್ತಿ ಏನು ಕಟ್ಟಿಕೊಳ್ಳಲಿ ಅಂತ ಕಾಮೆಂಟ್ ಹಾಕಿ.