ಘಾಟಿಲ್ಲದ ಗಾಳಿ

ಎಲ್ಲರಿಗೂ ನಮಸ್ಕಾರ.

ಸುಗ್ಗಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರು ಇಲ್ಲಿ ಬಹಳ ಜನ ಇರಬೇಕು. ಘಾಟು ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಚೀಲ ಸುರಿಯುವಾಗ ಹತ್ತಿರ ನಿಂತವರೆಲ್ಲ ಸೀನುತ್ತಾರೆ. ಕಾಯಿಯ ಪುಡಿಯಲ್ಲಿರುವ ಕ್ಯಾಪ್ಸೈಸಿನ್ ಮೂಗು, ಗಂಟಲಿನ ನರದ ತುದಿಗಳನ್ನು ಕೆರಳಿಸುತ್ತದೆ. ಮೈ ಅದನ್ನು ಹೊರಗೆ ದಬ್ಬಲು ನೋಡುತ್ತದೆ.

ಇಂಥದ್ದನ್ನು ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದು ನಂಬಿಕೆ ಕೂತುಬಿಟ್ಟಿದೆ. ಘಾಟಿದ್ದರೆ ಕೆಟ್ಟ ಗಾಳಿ, ಇಲ್ಲದಿದ್ದರೆ ಪರವಾಗಿಲ್ಲ. ಇವತ್ತು ನಾನು ಬಂದಿರುವುದು ಈ ನಂಬಿಕೆಯನ್ನು ಅಲ್ಲಾಡಿಸಲು. ಎಷ್ಟೋ ಸಲ ಸಂಗತಿ ತಿರುವುಮುರುವು. ಮೂಗಿಗೆ ಉರಿ ಎಬ್ಬಿಸುವ ಅನಿಲದ ಬಹುಪಾಲು ಮೂಗಿನಲ್ಲೇ ನಿಲ್ಲುತ್ತದೆ. ಏನೂ ಸುಳಿವು ಕೊಡದ್ದು ಆಳಕ್ಕೆ ಇಳಿಯುತ್ತದೆ.

ಮೊದಲು ಜಾಗ ನೋಡೋಣ. ಸುಮ್ನೆ ಕೂತಿದ್ದಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಎಳೆಯುತ್ತೇವೆ. ದಿನಕ್ಕೆ 10,000 ಲೀಟರಿನ ಆಸುಪಾಸು. ಶ್ವಾಸನಾಳ ಒಳಗೆ ಹೋಗುತ್ತಾ ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಯಲ್ಲಿ ಸಿಗುವುದು ಗಾಳಿಚೀಲಗಳು, 30ರಿಂದ 50 ಕೋಟಿ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 750 ಚದರ ಅಡಿ. ಅಷ್ಟು ಅಗಲದ ಗೋಡೆಯ ಆಚೆ ಒಂದು ಕ್ಷಣಕ್ಕೆ ಇರುವ ರಕ್ತ 100 ಮಿಲಿಲೀಟರ್ ಕೂಡ ದಾಟುವುದು ಕಷ್ಟ. ಗೋಡೆಯ ದಪ್ಪ ಮೈಕ್ರಾನಿನ ಅರ್ಧದಷ್ಟು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಇರುತ್ತವೆ, ಲೆಕ್ಕ ಹಾಕಿಕೊಳ್ಳಿ.

ರಕ್ತ ಈ ಗೋಡೆಯ ಪಕ್ಕ ಇರುವುದು ಮುಕ್ಕಾಲು ಸೆಕೆಂಡು. ಆಮ್ಲಜನಕ ತುಂಬಿಕೊಳ್ಳಲು ಕಾಲು ಸೆಕೆಂಡು ಸಾಕು. ಉಳಿದ ಅರ್ಧ ಸೆಕೆಂಡು ನಮ್ಮ ಉಳಿತಾಯ. ಅದಕ್ಕೇ ಈ ಗೋಡೆ ದಪ್ಪವಾಗುವ ಕಾಯಿಲೆ ಬಂದವರಿಗೆ ಕೂತಾಗ ಏನೂ ಗೊತ್ತಾಗುವುದಿಲ್ಲ. ಮಹಡಿ ಹತ್ತುವಾಗ ಗೊತ್ತಾಗುತ್ತದೆ. ಆಗ ರಕ್ತ ಓಡುತ್ತಿರುತ್ತದೆ, ಉಳಿತಾಯ ಕರಗಿರುತ್ತದೆ.

ಈಗ ಅನಿಲಗಳಿಗೆ ಬರೋಣ. ಸಲ್ಫರ್ ಡೈಆಕ್ಸೈಡ್, ಅಮೋನಿಯಾ ಇವು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಮೂಗಿನ ಒಳಗೋಡೆ ಸದಾ ಒದ್ದೆ. ಶಾಂತವಾಗಿ ಮೂಗಿನಿಂದ ಉಸಿರಾಡುವವರಲ್ಲಿ ಸಲ್ಫರ್ ಡೈಆಕ್ಸೈಡಿನ ಶೇ. 90ಕ್ಕಿಂತ ಹೆಚ್ಚು ಅಲ್ಲೇ ಕರಗಿ ನಿಲ್ಲುತ್ತದೆ. ಅದೇ ಉರಿ, ಅದೇ ಘಾಟು. ಆದರೆ ಬಾಯಿ ತೆರೆದು ಓಡಿದರೆ ಈ ಕಾವಲು ತಪ್ಪುತ್ತದೆ. ಅನಿಲ ಶ್ವಾಸನಾಳಕ್ಕೆ ಇಳಿಯುತ್ತದೆ. ಅಸ್ತಮಾ ಇದ್ದವರಿಗೆ ಕೆಲವೇ ನಿಮಿಷದಲ್ಲಿ ಎದೆ ಬಿಗಿಯುತ್ತದೆ. ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಅಂಚಿನಲ್ಲಿ ಬೆಳಗಿನ ಓಟ ಮಾಡುವವರು ಇದನ್ನು ಗಮನಿಸಬೇಕು.

ನೈಟ್ರೋಜನ್ ಡೈಆಕ್ಸೈಡ್ ಬೇರೆ ಥರ. ಡೀಸೆಲ್ ಹೊಗೆಯಲ್ಲಿ ಇರುತ್ತದೆ. ನೀರಿನಲ್ಲಿ ಕಡಿಮೆ ಕರಗುವುದರಿಂದ ಮೂಗು ಅದನ್ನು ಪೂರ್ತಿ ಹಿಡಿಯಲಾರದು. ಗಾಳಿಚೀಲದವರೆಗೆ ಹೋಗುತ್ತದೆ. ಕಾರ್ಖಾನೆಯ ಅವಘಡದಲ್ಲಿ ಇದನ್ನು ಜಾಸ್ತಿ ಕುಡಿದವರು ಸ್ವಲ್ಪ ಕೆಮ್ಮಿ, ಸರಿಯಾಯಿತು ಅಂತ ಮನೆಗೆ ಹೋಗಿಬಿಡಬಹುದು. ಶ್ವಾಸಕೋಶದಲ್ಲಿ ನೀರು ತುಂಬುವುದು ಹಲವು ಗಂಟೆಗಳ ನಂತರ. ಅದಕ್ಕೇ ವೈದ್ಯರು ಇಂಥವರನ್ನು ಆ ದಿನ ಬಿಡದೆ ಇಟ್ಟುಕೊಂಡು ನೋಡುತ್ತಾರೆ. ಓಝೋನ್ ಕೂಡ ಇದೇ ಜಾತಿ. ವಾಹನದ ಹೊಗೆಗೆ ಬಿಸಿಲು ತಾಗಿ ನೆಲಮಟ್ಟದಲ್ಲಿ ಹುಟ್ಟುವಂಥದ್ದು, ಮಧ್ಯಾಹ್ನ ಜಾಸ್ತಿ. ಅದು ರಕ್ತಕ್ಕೆ ಸೇರುವುದೇ ಇಲ್ಲ. ಶ್ವಾಸಕೋಶದ ಒಳಪದರದ ತೇವದ ಜೊತೆ ಅಲ್ಲೇ ಕೂಡಿಕೊಂಡು, ಅಲ್ಲೇ ಗಾಯ ಮಾಡುತ್ತದೆ.

ಇನ್ನು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಯಾಕೆಂದರೆ ಇದು ನಮ್ಮ ಬಚ್ಚಲುಮನೆಗೇ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಉರಿ ಇಲ್ಲ. ಗಾಳಿಚೀಲದ ಗೋಡೆ ದಾಟಿ ನೇರ ರಕ್ತಕ್ಕೆ ಹೋಗುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ಸೀಟು ಹಿಡಿದವರು ಧಾರವಾಡ ಬಂದರೂ ಏಳದಿದ್ದರೆ ನಡುವೆ ಹತ್ತಿದವರಿಗೆ ಜಾಗ ಎಲ್ಲಿ? ಗಾಳಿಯಲ್ಲಿ ಆಮ್ಲಜನಕ ಶೇ. 21 ಇದೆ. ಈ ಅನಿಲ ಬರೀ ಶೇ. 0.1 ಇದ್ದರೂ ಹೊತ್ತು ಕಳೆದಂತೆ ಅರ್ಧದಷ್ಟು ಹಿಮೋಗ್ಲೋಬಿನ್ ಅದರ ಪಾಲಾಗುತ್ತದೆ. ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ 1895ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ತಾನೇ ಉಸಿರಾಡಿ ನೋಡಿದ. ಗಣಿಗೆ ಪುಟ್ಟ ಹಕ್ಕಿಗಳನ್ನು ಒಯ್ಯಿರಿ ಎಂದವನೂ ಅವನೇ. ಸಣ್ಣ ಜೀವ ಬೇಗ ಬೇಗ ಉಸಿರಾಡುತ್ತದೆ, ನಮಗಿಂತ ಮೊದಲು ಕುಸಿಯುತ್ತದೆ. ಹಕ್ಕಿಗೆ ಅನ್ಯಾಯ, ಆದರೆ ಲೆಕ್ಕ ಸರಿ. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಆ ಹಕ್ಕಿಗಳಿದ್ದವು.

ಗ್ಯಾಸ್ ಗೀಸರ್ ಬಚ್ಚಲಿನ ಒಳಗಿದ್ದು, ಕಿಟಕಿ ಮುಚ್ಚಿದ್ದರೆ ಏನಾಗುತ್ತದೆ? ಧಾರವಾಡದ ಡಿಸೆಂಬರ್ ಚಳಿಯಲ್ಲಿ ಯಾರು ಕಿಟಕಿ ತೆರೆಯುತ್ತಾರೆ, ಅಲ್ವಾ? ಆಮ್ಲಜನಕ ಕಡಿಮೆಯಾಗಿ ಗ್ಯಾಸ್ ಅರೆಬರೆ ಉರಿಯುತ್ತದೆ, ಈ ಅನಿಲ ತುಂಬುತ್ತದೆ. ಮೊದಲು ತಲೆನೋವು, ವಾಂತಿ ಬಂದಂತೆ. ಪಿತ್ತ ಅಂತ ತಿಳಿಯುತ್ತೇವೆ. ಆಮೇಲೆ ಕಾಲಲ್ಲಿ ಬಲ ಇಲ್ಲ, ಚಿಲಕ ತೆಗೆಯಲೂ ಆಗುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇಲ್ಲಿ ಕೈಕೊಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕದ ರಕ್ತ ಅಂತಲೇ ಓದುತ್ತದೆ. ತೋರಿಸುವುದು 98, ಮನುಷ್ಯ ಮಾತ್ರ ನೆಲದ ಮೇಲೆ. ಬರೀ ಗಾಳಿಯಲ್ಲಿ ಮಲಗಿಸಿದರೆ ಆ ಅನಿಲದ ಅರ್ಧ ಹೊರಗೆ ಹೋಗಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೆ. ಗೀಸರನ್ನು ಹೊರಗೋಡೆಗೆ ಹಾಕಿಸಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಖರ್ಚು ಸ್ವಲ್ಪವೇ.

ಧೂಳಿನ ಮಾತು ಬಾರದೆ ಹುಬ್ಬಳ್ಳಿಯಲ್ಲಿ ಉಪನ್ಯಾಸ ಮುಗಿಯುವುದಿಲ್ಲ. ಕಣ್ಣಿಗೆ ಕಾಣುವ ಧೂಳಿನ ಬಹುಪಾಲು ಮೂಗಿನಲ್ಲೇ ಸಿಕ್ಕಿಬೀಳುತ್ತದೆ. ಸಂಜೆ ಕರವಸ್ತ್ರ ನೋಡಿದರೆ ಗೊತ್ತಾಗುತ್ತದೆ. ಕೊಳವೆಗೆ ಇಳಿದದ್ದನ್ನು ಅಲ್ಲಿನ ಸಣ್ಣ ಕೂದಲುಗಳು ಲೋಳೆಯ ಜೊತೆ ಮೇಲಕ್ಕೆ ತಳ್ಳುತ್ತವೆ. ತೊಂದರೆ ಇರುವುದು 2.5 ಮೈಕ್ರಾನಿಗಿಂತ ಸಣ್ಣ ಕಣಗಳಲ್ಲಿ. ಕಸ ಸುಟ್ಟ ಹೊಗೆ, ಡೀಸೆಲ್ ಮಸಿ. ಅವು ಗಾಳಿಚೀಲ ತಲುಪುತ್ತವೆ, ಅಲ್ಲಿ ಕೂದಲಿನ ಕಾವಲಿಲ್ಲ. ಇವುಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಎರಡರ ನಡುವಿನ ಅಂತರಕ್ಕೆ ಶ್ವಾಸಕೋಶ ಹೊಂದಿಕೊಳ್ಳುವುದಿಲ್ಲ, ಕಾನೂನು ಮಾತ್ರ ಹೊಂದಿಕೊಂಡಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡವೂ ಇದೆ. ಅದು ಹೆಮ್ಮೆಯ ಪಟ್ಟಿ ಅಲ್ಲ.

ಕೊನೆಯದಾಗಿ ಹಗೇವು. ಗದಗ, ಧಾರವಾಡದ ಕಡೆಯ ಹಿರಿಯರಿಗೆ ಗೊತ್ತು. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಕಾಳು ಕೂಡ ಉಸಿರಾಡುತ್ತದೆ. ತಿಂಗಳುಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ಕೂತಿರುತ್ತದೆ. ಉಸಿರು ಬಿಗಿಹಿಡಿದು ಇಳಿದರೆ ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಅಲ್ಲಿನ ಗಾಳಿಯನ್ನು ಎರಡು ಮೂರು ಸಲ ಎಳೆದರೆ ಮುಗಿಯಿತು. ಯಾಕೆ? ಅನಿಲ ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಗಾಳಿಚೀಲದಲ್ಲಿ ಆಮ್ಲಜನಕವೇ ಇಲ್ಲದಿದ್ದರೆ ರಕ್ತದಲ್ಲಿರುವುದು ಹೊರಗೆ ಬರುತ್ತದೆ. ಶ್ವಾಸಕೋಶ ಆಗ ಆಮ್ಲಜನಕ ತರುವುದನ್ನು ಬಿಟ್ಟು ಕಳೆಯುವ ಕೆಲಸ ಮಾಡುತ್ತಿರುತ್ತದೆ.

ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯುವುದು ಜಾಣತನ. ಆದರೆ ದೀಪದ ಪರೀಕ್ಷೆಯನ್ನು ಶೌಚದ ಗುಂಡಿಗೆ ತರಬೇಡಿ. ಅಲ್ಲಿ ಮೀಥೇನ್ ಇದ್ದರೆ ಬೆಂಕಿ ಹತ್ತುತ್ತದೆ. ಹೈಡ್ರೋಜನ್ ಸಲ್ಫೈಡ್ ಇದ್ದರೆ ದೀಪ ಆರಾಮಾಗಿ ಉರಿಯುತ್ತಿರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಪ್ರಮಾಣ ಏರಿದರೆ ಮೂಗಿನ ನರವೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು ಅಂತ ಇಳಿದವರು, ಅವರನ್ನು ಎತ್ತಲು ಹಿಂದೆಯೇ ಇಳಿದವರು, ಇಬ್ಬರೂ ಅಲ್ಲೇ ಉಳಿಯುತ್ತಾರೆ. ಮುಖಕ್ಕೆ ಕಟ್ಟಿದ ಟವೆಲ್ಲಾಗಲಿ ಎನ್-95 ಮಾಸ್ಕಾಗಲಿ ಅನಿಲವನ್ನು ತಡೆಯುವುದಿಲ್ಲ. ಯಾರಾದರೂ ಒಳಗೆ ಬಿದ್ದರೆ ಇಳಿಯಬೇಡಿ. 112ಕ್ಕೆ ಫೋನ್ ಮಾಡಿ, ಗಾಳಿಯ ಸಿಲಿಂಡರ್ ಹೊತ್ತ ಅಗ್ನಿಶಾಮಕದವರು ಇಳಿಯಲಿ.

ಇನ್ನು ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನವರು ಮೊದಲು ಕೇಳಿ.