ಕೋಟಗಿರಿ: ಊಟಿಗಿಂತ ಮೊದಲು ಹುಟ್ಟಿದ ಗಿರಿಧಾಮ

[ದೃಶ್ಯ: ದೊಡ್ಡಬೆಟ್ಟ ಜಂಕ್ಷನ್. ಊಟಿ ಕಡೆ ಸಾಲುಗಟ್ಟಿದ ಕಾರುಗಳು. ಎದುರು ದಿಕ್ಕಿಗೆ ಖಾಲಿ ರಸ್ತೆ.]

ನಮಸ್ಕಾರ. ನಮ್ಮ ಕಡೆಯಿಂದ ನೀಲಗಿರಿಗೆ ಹೋಗುವವರ ಗಾಡಿ ಸಾಮಾನ್ಯವಾಗಿ ಊಟಿಯಲ್ಲೇ ನಿಲ್ಲುತ್ತದೆ. ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ಒಂದಷ್ಟು ಚಾಕಲೇಟು, ವರ್ಕಿ, ಆಮೇಲೆ ವಾಪಸ್. ಅಲ್ಲಿಂದ ಇನ್ನೊಂದು 30 ಕಿಲೋಮೀಟರ್ ಪೂರ್ವಕ್ಕೆ ಹೋದರೆ ಕೋಟಗಿರಿ ಸಿಗುತ್ತದೆ. ಬ್ರಿಟಿಷರು ನೀಲಗಿರಿಯಲ್ಲಿ ಮೊದಲು ಮನೆ ಕಟ್ಟಿ ಕೂತದ್ದು ಊಟಿಯಲ್ಲಿ ಅಲ್ಲ, ಇಲ್ಲಿ. ಇನ್ನೊಂದು ವಿಷಯ ಇದೆ, ನನಗೆ ಅದು ಇದಕ್ಕಿಂತ ಮುಖ್ಯ. ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ಹತ್ತು ನಿಮಿಷ ನಿಂತರೆ, ಅಕ್ಕಪಕ್ಕದವರ ಮಾತು ನಿಮಗೆ ಅರ್ಧಂಬರ್ಧ ಅರ್ಥ ಆಗುತ್ತದೆ. ಅದು ತಮಿಳಲ್ಲ, ಕನ್ನಡವೂ ಅಲ್ಲ. ಅದು ಬಡಗ.

ಈ ಊರಿನ ಕಥೆ ಹೇಳುವಾಗ ಹಸಿರು ಟೀ ತೋಟ ತೋರಿಸಿ ಮುಗಿಸಿಬಿಡುವುದು ಸುಲಭ. ಆದರೆ ಟೀ ಇಲ್ಲಿಗೆ ಬಂದು ಇನ್ನೂ ಇನ್ನೂರು ವರ್ಷ ಆಗಿಲ್ಲ. ಜನ ಅದಕ್ಕಿಂತ ತುಂಬಾ ಹಿಂದಿನಿಂದ ಇದ್ದಾರೆ. ಅದಕ್ಕೇ ಜನರಿಂದಲೇ ಶುರು ಮಾಡುತ್ತೇನೆ.

[ದೃಶ್ಯ: ನೀಲಗಿರಿಯ ನಕ್ಷೆ. ಉತ್ತರಕ್ಕೆ ಮೋಯಾರ್ ನದಿ, ಅದರಾಚೆ ಮೈಸೂರು ಸೀಮೆ.]

ಕೋಟಗಿರಿ ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಊಟಿ 2,240. ಅಂದರೆ ಇಲ್ಲಿ ಚಳಿ ಸ್ವಲ್ಪ ಕಮ್ಮಿ. ಪಶ್ಚಿಮಕ್ಕೆ 2,637 ಮೀಟರಿನ ದೊಡ್ಡಬೆಟ್ಟ ಅಡ್ಡ ನಿಂತಿದೆ. ಹಾಗಾಗಿ ಜೂನ್, ಜುಲೈನಲ್ಲಿ ಊಟಿಯ ಆ ಕಡೆಯೆಲ್ಲ ಮಳೆಯಲ್ಲಿ ತೊಯ್ಯುತ್ತಿದ್ದರೆ ಕೋಟಗಿರಿಗೆ ಅಷ್ಟು ಹೊಡೆತ ಇರುವುದಿಲ್ಲ. ಇಲ್ಲಿ ಜೋರು ಮಳೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ, ಹಿಂಗಾರಿನಲ್ಲಿ.

ಊರಿಗೆ ಹೆಸರು ಬಂದದ್ದು ಕೋಟ ಎಂಬ ಸಮುದಾಯದಿಂದ. ಸಂಖ್ಯೆಯಲ್ಲಿ ಚಿಕ್ಕವರು, ನೀಲಗಿರಿಯಲ್ಲಿ ಅವರದ್ದು ಏಳೇ ಊರು. ಕಬ್ಬಿಣದ ಕೆಲಸ, ಮಡಕೆ, ಮರಗೆಲಸ, ಸಂಗೀತ, ಎಲ್ಲದರಲ್ಲೂ ಪಳಗಿದ ಕೈ. ಹಿಂದೆ ಈ ಬೆಟ್ಟದಲ್ಲಿ ದುಡ್ಡಿನ ಚಲಾವಣೆಗಿಂತ ಕೊಡುಕೊಳ್ಳುವ ಪದ್ಧತಿಯೇ ನಡೆಯುತ್ತಿತ್ತು. ತೋಡರು ಎಮ್ಮೆಯ ಹಾಲು, ತುಪ್ಪ ಕೊಡುತ್ತಿದ್ದರು. ಬಡಗರು ರಾಗಿ, ಸಾಮೆ ಬೆಳೆದು ಕೊಡುತ್ತಿದ್ದರು. ಕೋಟರು ಕುಡುಗೋಲು, ಮಡಕೆ ಮಾಡಿಕೊಡುತ್ತಿದ್ದರು, ಸಾವಿನ ಮನೆಯಲ್ಲಿ ವಾದ್ಯ ನುಡಿಸುತ್ತಿದ್ದರು. ಕುರುಂಬರು ಕಾಡಿನಿಂದ ಜೇನು ತರುತ್ತಿದ್ದರು. ಅವರ ಮಂತ್ರಶಕ್ತಿಗೆ ಉಳಿದವರೆಲ್ಲ ಹೆದರುತ್ತಲೂ ಇದ್ದರು. ಒಂದೊಂದು ಮನೆಗೂ ಇಂಥ ಮನೆಯವರ ಜೊತೆಗೇ ವ್ಯವಹಾರ ಅಂತ ತಲೆಮಾರಿನಿಂದ ನಡೆದುಬಂದ ನಂಟು ಇತ್ತು. ಎಲ್ಲರೂ ಸಮಾನರಾಗಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬದುಕು ಸಾಗುತ್ತಿರಲಿಲ್ಲ.

ಬಡಗರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು. ಉತ್ತರದಿಂದ ಬಂದದ್ದಕ್ಕೇ ಆ ಹೆಸರು. ವಿಜಯನಗರ ಬಿದ್ದ ಮೇಲಿನ ಗಲಾಟೆಯ ಕಾಲದಲ್ಲಿ ಬಂದಿರಬೇಕು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಅವರ ಮಾತು ಕನ್ನಡದ ಬಳಗದ್ದು, ಈಗ ಭಾಷಾತಜ್ಞರು ಅದನ್ನು ಬೇರೆಯೇ ಭಾಷೆಯಾಗಿ ನೋಡುತ್ತಾರೆ. ಊರುಗಳನ್ನು ಹಟ್ಟಿ ಅನ್ನುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಇವರ ದೊಡ್ಡ ಹಬ್ಬ ಹೆತ್ತೆ ಹಬ್ಬ. ಹೆತ್ತೆ ಅಂದರೆ ಕುಲದ ಅಜ್ಜಿ, ತಾಯಿ ದೇವತೆ. ಕೋಟಗಿರಿಯ ಹತ್ತಿರದ ಬೇರಗಣಿಯಲ್ಲಿ ಡಿಸೆಂಬರ್, ಜನವರಿ ಹೊತ್ತಿಗೆ ನಡೆಯುತ್ತದೆ. ಗಂಡಸರು, ಹೆಂಗಸರು ಎಲ್ಲರೂ ಬಿಳಿ ಬಟ್ಟೆಯಲ್ಲಿ ನಡೆದುಕೊಂಡೇ ಬರುತ್ತಾರೆ. ನೀವು ಆ ಸಮಯಕ್ಕೆ ಹೋದರೆ ದಯವಿಟ್ಟು ಕೇಳದೆ ಕ್ಯಾಮೆರಾ ಎತ್ತಬೇಡಿ. ಅದು ಅವರ ಪೂಜೆ.

[ದೃಶ್ಯ: ಚಾಮರಾಜನಗರ, ಪಾರ್ಶ್ವನಾಥ ಬಸದಿ.]

ಕರ್ನಾಟಕದ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ನೀಲಗಿರಿಯ ಹೆಸರು ಬರುವ ತುಂಬಾ ಹಳೆಯ ದಾಖಲೆ ಒಂದು ನಮ್ಮ ಚಾಮರಾಜನಗರದಲ್ಲಿದೆ. 1117ರ ಶಾಸನ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಹೆದರಿಸಿ ನೀಲಾದ್ರಿಯನ್ನು ಗೆದ್ದ ಅಂತ ಅದು ಹೇಳುತ್ತದೆ. ಆಮೇಲೆ ಉಮ್ಮತ್ತೂರಿನ ಪಾಳೆಯಗಾರರು, ಮೈಸೂರಿನ ಅರಸರು, ಹೈದರ್, ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಬೆಟ್ಟ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಆಗ ಕಂಪನಿಯವರಿಗೆ ಬೆಟ್ಟದ ಮೇಲೆ ಏನಿದೆ ಅನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1818ರಲ್ಲಿ ವಿಷ್ ಮತ್ತು ಕಿಂಡರ್ಸ್ಲಿ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಬೆಟ್ಟ ಹತ್ತಿ ಹೋಗಿ, ಮೇಲೆ ತಂಪಾದ ಹುಲ್ಲುಗಾವಲು ಇದೆ ಅಂತ ಸುದ್ದಿ ತಂದರು. ಮರುವರ್ಷ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ತಾನೇ ಹೊರಟ. ಅವನು ನೆಲೆ ಮಾಡಿಕೊಂಡದ್ದು ದಿಂಹಟ್ಟಿಯ ಕಣಿವೆಯಲ್ಲಿ, ಈಗಿನ ಕೋಟಗಿರಿ ಪೇಟೆಯ ಪಕ್ಕದಲ್ಲೇ. ಕಣ್ಣೇರಿಮುಕ್ಕಿನಲ್ಲಿ ಅವನ ಬಂಗಲೆ ಇವತ್ತಿಗೂ ಇದೆ. ಬಿದ್ದುಹೋಗುವ ಸ್ಥಿತಿಗೆ ಬಂದಿದ್ದನ್ನು ದುರಸ್ತಿ ಮಾಡಿ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ನೀಲಗಿರಿಯ ಹಳೇ ಫೋಟೋಗಳು, ಬುಡಕಟ್ಟು ಜನರ ಬದುಕಿನ ವಸ್ತುಗಳು ಅಲ್ಲಿವೆ. ದೊಡ್ಡ ಅರಮನೆ ನಿರೀಕ್ಷೆ ಮಾಡಿಕೊಂಡು ಹೋಗಬೇಡಿ. ಆದರೆ ದಕ್ಷಿಣದ ಗಿರಿಧಾಮಗಳ ಕಥೆ ಶುರುವಾದ ಜಾಗ ಇದು ಅನ್ನುವುದು ತಲೆಯಲ್ಲಿದ್ದರೆ, ಆ ಚಿಕ್ಕ ಮನೆಯನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ಕೆಳಗಿನ ಸಿರುಮುಗೈಯಿಂದ ಕೋಟಗಿರಿಗೆ ಸಲ್ಲಿವನ್ ದಾರಿ ಕಡಿಸಿದ. ಆ ಕೆಲಸಕ್ಕೆ ಹಚ್ಚಿದ್ದು ಕೈದಿಗಳನ್ನು. 1823ರ ಹೊತ್ತಿಗೆ ದಾರಿ ಮುಗಿಯಿತು. ಅಷ್ಟರಲ್ಲಿ ಅವನ ಮನಸ್ಸು ಇನ್ನೂ ಎತ್ತರದ ಊಟಿಯ ಮೇಲೆ ಹೋಗಿತ್ತು, ಅಲ್ಲಿ ಕಲ್ಲುಮನೆ ಕಟ್ಟಿಸಲು ಶುರು ಮಾಡಿದ್ದ. 1830ರ ದಶಕದಲ್ಲಿ ಕೂನೂರಿನ ಮೂಲಕ ಹೊಸ ಘಾಟಿ ರಸ್ತೆ ಬಂತು. ಹೋಗಿಬರುವವರೆಲ್ಲ ಆ ಕಡೆ ತಿರುಗಿಕೊಂಡರು. 1899ರಲ್ಲಿ ರೈಲು ಕೂನೂರಿಗೆ ಬಂತು, 1908ರಲ್ಲಿ ಊಟಿ ತಲುಪಿತು. ಕೋಟಗಿರಿಗೆ ರೈಲು ಬರಲೇ ಇಲ್ಲ. ಮೊದಲು ಶುರುವಾದ ಊರು ಹೀಗೆ ದಾರಿಯಿಂದ ಪಕ್ಕಕ್ಕೆ ಸರಿಯಿತು. ಇಲ್ಲಿ ಇವತ್ತಿಗೂ ಗದ್ದಲ ಕಮ್ಮಿ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅಭಿಪ್ರಾಯ.

[ದೃಶ್ಯ: ಟೀ ತೋಟ. ಎಲೆ ಕೊಯ್ಯುತ್ತಿರುವ ಹೆಂಗಸರು.]

ಈಗ ಟೀ. ನೀಲಗಿರಿಯಲ್ಲಿ ಮೊದಲ ಪ್ರಯೋಗ ನಡೆದದ್ದು 1830ರ ದಶಕದಲ್ಲಿ, ಕೇತಿಯ ಸರಕಾರಿ ತೋಟದಲ್ಲಿ. ಅದು ಅಷ್ಟಕ್ಕೇ ನಿಂತಿತು. ಸರಿಯಾಗಿ ಬೇರು ಬಿಟ್ಟದ್ದು ಚೀನಾದ ಬೀಜ ಬಂದ ಮೇಲೆ, 1850ರ ದಶಕದ ನಂತರ. ಕೋಟಗಿರಿಯಲ್ಲಿ ಮೊದಮೊದಲು ಕಾಫಿ ಹಾಕಿದ್ದು ಕಾಕ್‌ಬರ್ನ್ ಎಂಬ ಕಲೆಕ್ಟರ್. 1863ರಲ್ಲಿ ಅವನ ಮಗಳು ಮಾರ್ಗರೆಟ್ ಆಲ್‌ಪೋರ್ಟ್ಸ್ ಎಸ್ಟೇಟಿನಲ್ಲಿ ಟೀ ನೆಟ್ಟಳು. ಆ ಕಾಲಕ್ಕೆ ಒಬ್ಬ ಹೆಂಗಸು ಎಸ್ಟೇಟ್ ನಡೆಸುವುದು ಸಣ್ಣ ಮಾತಲ್ಲ. ಜೊತೆಗೆ ಆಕೆ ಒಳ್ಳೆಯ ಚಿತ್ರಕಾರ್ತಿ. ನೀಲಗಿರಿಯ ಹಕ್ಕಿ, ಹೂಗಳನ್ನು ಬರೆದ ಆಕೆಯ ಚಿತ್ರಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ.

ಆದರೆ ಇವತ್ತು ಕೋಟಗಿರಿಯ ಸುತ್ತ ಕಾಣುವ ಟೀ ಎಲ್ಲ ಸಾಹೇಬರ ಎಸ್ಟೇಟಿನ ಮುಂದುವರಿಕೆ ಅಲ್ಲ. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಎಕರೆ, ಎರಡೆಕರೆ ತುಂಡುಗಳಲ್ಲಿ ಟೀ ಬೆಳೆಯುವ ಸಾವಿರಾರು ಸಣ್ಣ ಬೆಳೆಗಾರರು ಇಲ್ಲಿದ್ದಾರೆ, ಅವರಲ್ಲಿ ಬಡಗರೇ ಜಾಸ್ತಿ. ಅವರ ಅಜ್ಜಂದಿರು ಇದೇ ನೆಲದಲ್ಲಿ ರಾಗಿ, ಸಾಮೆ, ಆಮೇಲೆ ಆಲೂಗಡ್ಡೆ ಬೆಳೆಯುತ್ತಿದ್ದರು. 1961ರಲ್ಲಿ ನೀಲಗಿರಿಯ ಆಲೂಗಡ್ಡೆ ಹೊಲಗಳಲ್ಲಿ ಬೇರು ತಿನ್ನುವ ಒಂದು ಜಂತುಹುಳು ಪತ್ತೆಯಾಯಿತು. ಬೆಳೆಗೆ ದೊಡ್ಡ ಪೆಟ್ಟು. ಅದೇ ದಶಕದಲ್ಲಿ ಸಹಕಾರಿ ಟೀ ಫ್ಯಾಕ್ಟರಿಗಳು ಬಂದವು, ಅವುಗಳ ಒಕ್ಕೂಟ ಇಂಡ್‌ಕೋಸರ್ವ್ 1965ರಲ್ಲಿ ಶುರುವಾಯಿತು. ಟೀ ಒಂದು ಸಲ ನೆಟ್ಟರೆ ಹತ್ತಾರು ವರ್ಷ ಕೊಯ್ಯಬಹುದು. ಜನ ಟೀ ಕಡೆ ತಿರುಗಿದರು.

ಇನ್ನೊಂದು ಗುಂಪಿನ ಕಥೆಯನ್ನೂ ಹೇಳಲೇಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ತಮಿಳುನಾಡಿನ ಹಳ್ಳಿಗಳಿಂದ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ ಎಸ್ಟೇಟುಗಳಿಗೆ ಕೂಲಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಇವರು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ನಡುವೆ ಒಪ್ಪಂದ ಆಯಿತು. ಲಕ್ಷಾಂತರ ಜನ ಭಾರತಕ್ಕೆ ಮರಳಬೇಕಾಯಿತು. ಹುಟ್ಟಿದ ನೆಲ ಅದು, ಪೌರತ್ವ ಇಲ್ಲಿನದು. ಅವರಿಗೆ ಕೆಲಸ ಕೊಡಲು ತಮಿಳುನಾಡು ಸರಕಾರ 1968ರಲ್ಲಿ ಟೀ ಯೋಜನೆ ಶುರು ಮಾಡಿತು, ಅದೇ ಮುಂದೆ ಟಾನ್‌ಟೀ ಎಂಬ ಸರಕಾರಿ ಟೀ ಕಂಪನಿ ಆಯಿತು. ಗೂಡಲೂರು, ಕೂನೂರು, ಕೋಟಗಿರಿ ಕಡೆ ಅವರ ಸಾಲುಮನೆಗಳು ಈಗಲೂ ಇವೆ. ಟೀ ತೋಟದ ಹಿನ್ನೆಲೆಯಲ್ಲಿ ಫೋಟೋ ತೆಗೆಸಿಕೊಳ್ಳುವಾಗ ಫ್ರೇಮಿನ ಮೂಲೆಯಲ್ಲಿ ಎಲೆ ಕೊಯ್ಯುವ ಹೆಂಗಸು ಇರುತ್ತಾಳಲ್ವಾ, ಅವಳ ಹಿಂದೆ ಇಂಥ ಕಥೆ ಇರಬಹುದು.

ಒಂದು ಕಿಲೋ ಟೀಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ಕೊಯ್ದ ಎಲೆಯನ್ನು ಇಟ್ಟುಕೊಂಡು ಒಳ್ಳೆ ಬೆಲೆಗೆ ಕಾಯಲು ಆಗುವುದಿಲ್ಲ, ಅವತ್ತೇ ಫ್ಯಾಕ್ಟರಿಗೆ ಸೇರಬೇಕು. ಹಾಗಾಗಿ ಬೆಲೆ ಹೇಳುವವರು ಬೇರೆಯವರು. ನೀಲಗಿರಿಯ ಟೀಪುಡಿಗೆ ಒಂದು ಕಾಲಕ್ಕೆ ಸೋವಿಯತ್ ದೇಶ ದೊಡ್ಡ ಗಿರಾಕಿ. ಆ ಮಾರುಕಟ್ಟೆ ಕುಸಿದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ ಹಸಿ ಎಲೆಯ ಬೆಲೆ ಬಿದ್ದುಹೋಯಿತು. ಎಷ್ಟೋ ಕುಟುಂಬಗಳ ಮಕ್ಕಳು ಕೊಯಮತ್ತೂರು, ಬೆಂಗಳೂರು ಕಡೆ ಕೆಲಸ ಹುಡುಕಿ ಹೊರಟರು. 2023ರಲ್ಲೂ ಬೆಳೆಗಾರರು ನ್ಯಾಯವಾದ ಬೆಲೆ ಕೊಡಿ ಅಂತ ಕೋಟಗಿರಿಯಲ್ಲಿ ಉಪವಾಸ ಕೂತರು. ಚೆಂದದ ಇಳಿಜಾರು ನೋಡಿ ಇಲ್ಲಿನವರೆಲ್ಲ ಸುಖವಾಗಿದ್ದಾರೆ ಅಂದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

[ದೃಶ್ಯ: ಲಾಂಗ್‌ವುಡ್ ಶೋಲಾ ಒಳಗೆ. ಹಕ್ಕಿ ಕೂಗು.]

ನೋಡುವ ಜಾಗಗಳಲ್ಲಿ ನನ್ನ ಮೊದಲ ಓಟು ಲಾಂಗ್‌ವುಡ್ ಶೋಲಾಕ್ಕೆ. ಪೇಟೆಗೆ ತೀರ ಹತ್ತಿರ, ಬರೀ 116 ಹೆಕ್ಟೇರ್ ಕಾಡು. ಟೀ ಬರುವ ಮೊದಲು ಈ ಬೆಟ್ಟ ಹೇಗಿತ್ತು ಅನ್ನುವುದಕ್ಕೆ ಉಳಿದಿರುವ ತುಂಡು ಇದು. ಬೆಟ್ಟದ ನೆತ್ತಿ, ಇಳಿಜಾರಲ್ಲಿ ಹುಲ್ಲು, ಮಡಿಲಲ್ಲಿ ಕುಳ್ಳ ಮರಗಳ ದಟ್ಟ ಕಾಡು. ಈ ಶೋಲಾ ಕಾಡು ಮಳೆನೀರು ಹೀರಿಕೊಂಡು ನಿಧಾನಕ್ಕೆ ಬಿಡುತ್ತದೆ, ಸುತ್ತಲ ಹಳ್ಳಿಗಳ ಕುಡಿಯುವ ನೀರಿಗೆ ಅದೇ ಆಧಾರ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿಗಳು ಇಲ್ಲಿವೆ. 2024ರ ಜನವರಿಯಲ್ಲಿ ಇದು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದೇ ಸಲ ನಮ್ಮ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಕೂಡ ಸೇರಿದ್ದು ನಿಮಗೆ ನೆನಪಿರಬಹುದು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಳಿಗ್ಗೆ ಬೇಗ ಹೋಗಿ, ಮಾತು ಕಮ್ಮಿ ಮಾಡಿ.

ಕೊಡನಾಡು ವ್ಯೂ ಪಾಯಿಂಟ್ ಪೇಟೆಯಿಂದ ಸುಮಾರು 18 ಕಿಲೋಮೀಟರ್. ನೀಲಗಿರಿ ಪೂರ್ವಕ್ಕೆ ಮುಗಿಯುವುದು ಇಲ್ಲೇ. ಕೆಳಗೆ ಮೋಯಾರ್ ಕಣಿವೆ, ಅದರ ಒಳಗೆ ತೆಂಗುಮರಹಾಡ ಎಂಬ ಒಂಟಿ ಹಳ್ಳಿ, ಒಂದು ಪಕ್ಕಕ್ಕೆ ರಂಗಸ್ವಾಮಿ ಬೆಟ್ಟ, ಆಚೆ ಮೈಸೂರು ಪ್ರಸ್ಥಭೂಮಿಯ ಅಂಚು. ದೂರದಲ್ಲಿ ಹೊಳೆಯುವುದು ಭವಾನಿಸಾಗರದ ಹಿನ್ನೀರು. ಆ ನೀರಿನ ಅಡಿಯಲ್ಲಿ ದಣ್ಣಾಯಕನ ಕೋಟೆ ಇದೆ. ಹೊಯ್ಸಳರ ದಂಡನಾಯಕರು ಆಳಿದ ಜಾಗ. 1955ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿತು. ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿನ ಮಾಧವರಾಯ ದೇವಸ್ಥಾನ ಮೇಲೆ ಕಾಣಿಸಿಕೊಳ್ಳುತ್ತದೆ. ಗುಂಡ್ಲುಪೇಟೆ ಹತ್ತಿರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿಗೂ ಈ ದಂಡನಾಯಕರಲ್ಲಿ ಒಬ್ಬನಾದ ಮಾಧವ ದಣ್ಣಾಯಕನ ಹೆಸರೇ ಜೋಡಿಕೊಂಡಿದೆ. ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟದ ತನಕ ಒಂದೇ ಕಥೆ.

ಕ್ಯಾಥರೀನ್ ಜಲಪಾತ ಅರವೇಣು ಹತ್ತಿರ ಇದೆ, ಸುಮಾರು 250 ಅಡಿ. ಹೆಸರು ಕಾಕ್‌ಬರ್ನ್ ಹೆಂಡತಿಯದ್ದು. ಪೂರ್ತಿ ನೋಟ ಬೇಕಾದರೆ ಕೂನೂರಿನ ಡಾಲ್ಫಿನ್ಸ್ ನೋಸ್ ವ್ಯೂ ಪಾಯಿಂಟಿಗೆ ಹೋಗಿ, ಎದುರು ಬೆಟ್ಟದಲ್ಲಿ ಕಾಣುತ್ತದೆ.

[ದೃಶ್ಯ: ದಾರಿಯ ನಕ್ಷೆ.]

ಹೋಗುವುದು ಹೇಗೆ? ಒಂದು ದಾರಿ ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಊಟಿ, ಕೋಟಗಿರಿ. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ಇನ್ನೊಂದು ದಾರಿ ಚಾಮರಾಜನಗರ, ದಿಂಬಂ ಘಾಟಿಯ 27 ತಿರುವು, ಸತ್ಯಮಂಗಲ, ಮೆಟ್ಟುಪಾಳ್ಯಂ. ಅಲ್ಲಿಂದ ಮೇಲಕ್ಕೆ 33 ಕಿಲೋಮೀಟರ್. ಈ ದಾರಿಯಲ್ಲೂ ರಾತ್ರಿ ನಿರ್ಬಂಧ ಇದೆ. ಹೊರಗಿನ ಗಾಡಿಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ನಿಯಮ ಬಂದಿದೆ. ಹೊರಡುವ ಮೊದಲು ನೀಲಗಿರಿ ಜಿಲ್ಲಾಡಳಿತದ ವೆಬ್‌ಸೈಟ್ ನೋಡಿಕೊಳ್ಳಿ.

ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹೋಗುವವರು ಹವಾಮಾನ ಗಮನಿಸಿ. 2009ರ ನವೆಂಬರಿನ ಮಳೆಗೆ ನೀಲಗಿರಿಯಲ್ಲಿ ನೂರಾರು ಕಡೆ ಗುಡ್ಡ ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. ಸಂಜೆ ಮೇಲೆ ಟೀ ತೋಟದ ಒಳಗೆ ನಡೆದುಕೊಂಡು ಹೋಗಬೇಡಿ, ಕಾಟಿ ಮತ್ತು ಕರಡಿ ಓಡಾಡುತ್ತವೆ. ಕಾಟಿ ರಸ್ತೆ ಬದಿ ಸುಮ್ನೆ ನಿಂತಿದ್ದರೂ ಹತ್ತಿರ ಹೋಗಿ ಸೆಲ್ಫಿ ಬೇಡ. ಟೀಪುಡಿ ಕೊಳ್ಳುವುದಾದರೆ ಇಂಡ್‌ಕೋ ಸಹಕಾರಿ ಮಳಿಗೆಯಲ್ಲಿ ಕೇಳಿ. ಸಣ್ಣ ಬೆಳೆಗಾರರ ಎಲೆ ಹೋಗುವುದು ಅವರದ್ದೇ ಫ್ಯಾಕ್ಟರಿಗಳಿಗೆ. ಡಿಸೆಂಬರಿನಿಂದ ಫೆಬ್ರವರಿ ತನಕ, ಚಳಿಗಾಲದಲ್ಲಿ ಕೊಯ್ದ ಎಲೆಯ ಟೀ ಸಿಕ್ಕರೆ ಅದನ್ನೇ ತಗೊಳ್ಳಿ. ಅದರ ಘಮ ಜಾಸ್ತಿ. ಮೊದಲ ಸಲ ಹಾಲು ಹಾಕದೆ ಕುಡಿದು ನೋಡಿ.